ಮೊದಲ ಬಾಟಲಿ

ಜನವರಿ 19, ರವಿವಾರ

ಜ್ವರ ಬಿಟ್ಟಿದೆ. ಮೈಗೆ ಇನ್ನೂ ಪೂರ್ತಿ ಕಸುವು ಬಂದಿಲ್ಲ, ಬಾಯಿಗೆ ಮಾತ್ರ ಏನೂ ಆಗಿಲ್ಲ ಎಂದು ಮಗ ಅಲ್ತಮಶ ನಗುತ್ತಾನೆ. ನಗಲಿ. ಈ ಬಾಯಿಂದಲೇ ಬೈಲಹೊಂಗಲದಲ್ಲಿ ಸೋಡಾ ಕಾರ್ಖಾನೆ ನಡೆದಿದೆ.

ಇಂದು ಕಿತ್ತೂರಿನಿಂದ ಕಾಂತೇಶ ಬಂದಿದ್ದ. ಹೈವೇ ಮಗ್ಗುಲಲ್ಲಿ ದೊಡ್ಡ ಹೋಟೆಲು ಕಟ್ಟಿಸಿದ್ದಾನೆ. ಅವನಿಗೆ ನಮ್ಮ ಗೋಲಿಸೋಡಾ ಮಶೀನು ಬೇಕಂತೆ. ಸೋಡಾ ಮಾಡಲಿಕ್ಕಲ್ಲ, ಬಾಗಿಲಲ್ಲಿ ನಿಲ್ಲಿಸಲಿಕ್ಕೆ!

"ಕಾಕೀ, ಮಂದಿ ನಿಂತು ಫೋಟೋ ತಗಸ್ಕೋತಾರ್ರಿ. ನೂರು ವರ್ಷದ ಮಶೀನ ಅಂದ್ರ ಸುಮ್ಮನ ಏನು? ಅದರ ಹಿಸ್ಟರಿ ಒಂದೀಟು ಬರದು ಕೊಡ್ರಿ. ಮಗ್ಗಲಕ್ಕ ಬೋರ್ಡ ಹಾಕಸ್ತೇನಿ."

"ಸತ್ತವರಿಗೆ ಬೋರ್ಡ ಹಾಕಸ್ತಾರಪಾ ತಮ್ಮಾ. ನಮ್ಮ ಮಶೀನ ಇನ್ನೂ ಉಸರಾಡಾಕತ್ತೈತಿ," ಎಂದೆ.

ಹುಡುಗ ಕೆಟ್ಟವನಲ್ಲ. ಚಹಾ ಕುಡಿದು, ಕಾಲಿಗೆ ನಮಸ್ಕಾರ ಮಾಡಿ ಹೋದ. ಆದರೆ ಅಲ್ತಮಶ ಅವನನ್ನು ಕಾರಿನ ತನಕ ಕಳಿಸಲು ಹೋದವನು ಬಹಳ ಹೊತ್ತು ಅಲ್ಲೇ ಮಾತಾಡುತ್ತ ನಿಂತಿದ್ದ. ನನಗೆ ಕಣ್ಣಿಲ್ಲವೇನು?

ಮಶೀನು ಕೊಡುವ ಮಾತೇ ಇಲ್ಲ. ಹಿಸ್ಟರಿ ಬೇಕಾದರೆ ಬರೆದೇನು. ವಿಮೆ ಏಜೆಂಟ್ ಕೊಡುವ ಡೈರಿ ಪ್ರತಿ ವರ್ಷ ಕಿರಾಣಿ ಬರೆಯುವುದರಲ್ಲಿ ಮುಗಿಯುತ್ತಿತ್ತು. ಈ ಸಲ ನನ್ನ ಮನಸ್ಸಿನದು ಬರೆಯುತ್ತೇನೆ. ಯಾರೂ ಓದುವುದು ಬೇಡ. ಮನೆಯಲ್ಲಿ ಅರ್ಧ ಉರ್ದು ಅರ್ಧ ಕನ್ನಡ ಮಾತಾಡಿದರೂ ನಾನು ಕಲಿತದ್ದು ಕನ್ನಡ ಸಾಲೆ. ನನ್ನ ಅಕ್ಷರ ಇಂದಿಗೂ ಮುತ್ತಿನಂತಿವೆ.

ಜನವರಿ 23, ಗುರುವಾರ

ಹಿಸ್ಟರಿ ಶುರು ಮಾಡುತ್ತೇನೆ.

ನನ್ನ ಗಂಡ ನಜೀರಸಾಬರ ಅಜ್ಜ ಖಾಲಿದ್‌ಸಾಬರು. ಎಳೆಯ ವಯಸ್ಸಿನಲ್ಲಿ ಕೊಂಕಣದ ಬಂದರಿಗೆ ಹೋಗಿ ಅಲ್ಲಿ ಕಾರ್ಖಾನೆಯೊಂದರಲ್ಲಿ ಬಾಟಲಿ ತೊಳೆಯುವ ಕೆಲಸಕ್ಕೆ ನಿಂತರು. ಎಂಥ ಕಾರ್ಖಾನೆ ಎಂದು ಕೇಳಿದರೆ ನನ್ನ ಅತ್ತೆ "ಶರಬತ್ತಿಂದು" ಎನ್ನುತ್ತಿದ್ದರು. ಎಲ್ಲಿಯ ಶರಬತ್ತು! ಅದು ಬಿಯರ್ ಕಾರ್ಖಾನೆ. ಹಡಗಿನ ಗೋರಾ ಮಂದಿಗೆ ಬಿಯರು, ಅವರ ಮಡದಿಯರಿಗೆ ಸೋಡಾ. ಖಾಲಿದ್‌ಸಾಬರು ಒಂದು ತೊಟ್ಟು ಮುಟ್ಟಿದವರಲ್ಲ. ಐದು ಹೊತ್ತಿನ ನಮಾಜು ತಪ್ಪಿಸಿದವರಲ್ಲ. ಕಾರ್ಖಾನೆ ಮುಚ್ಚಿದಾಗ ಧಣಿ ಬಾಕಿ ಪಗಾರದ ಬದಲು ಸೋಡಾ ಮಶೀನನ್ನು ಕೊಟ್ಟ. ಅದನ್ನು ಹುಲ್ಲಿನಲ್ಲಿ ಸುತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಹತ್ತಿಸಿ ತಂದರು. ಅದು 1925ರ ಮಾತು. ಅಂದಿನಿಂದ ಚಕ್ರ ನಿಂತಿಲ್ಲ.

ಖಾಲಿದ್‌ಸಾಬರು ಒಂದು ರಿವಾಜು ಹಾಕಿಕೊಟ್ಟರು. ಬೆಳಗ್ಗೆ ತುಂಬಿದ ಮೊದಲ ಬಾಟಲಿಯನ್ನು ಮನೆಯ ನಾಲಿಗೆ, ಅಂದರೆ ರುಚಿ ನೋಡುವವರು, ಹೊಸ್ತಿಲಲ್ಲಿ ನಿಂತು ಕುಡಿದು ನೋಡಬೇಕು. ಸರಿಯಿದ್ದರೆ "ಹೊಂಡಲಿ" ಎನ್ನಬೇಕು, ಮಾಲು ಊರೂರಿಗೆ ಹೊರಡುತ್ತದೆ. ಸರಿಯಿಲ್ಲದಿದ್ದರೆ ಮಾತಿಲ್ಲದೆ ಬಾಟಲಿಯನ್ನು ಬೋರಲು ಹಾಕಬೇಕು. ಆ ದಿನದ ಮಾಲೆಲ್ಲ ಗಟಾರಿಗೆ. ನಾಲಿಗೆಯ ಎದುರು ಧಣಿಯೂ ಇಲ್ಲ, ಗಿರಾಕಿಯೂ ಇಲ್ಲ. ಖಾಲಿದ್‌ಸಾಬರ ನಾಲಿಗೆ ಮಗನಿಗೆ ಬಂತು, ಮಗನಿಂದ ನನ್ನ ಗಂಡನಿಗೆ ಬಂತು. ಅವರು ತೀರಿಹೋಗುವ ಮೊದಲು ಎಲ್ಲರೆದುರು ನನ್ನನ್ನು ಕರೆದು "ಇನ್ನ ಮ್ಯಾಲ ಹಮೀದಾನ ನಾಲಿಗಿ" ಎಂದರು. ಹುಟ್ಟಿದ ಮನೆಯಿಂದ ತಂದದ್ದೋ ಕೊಟ್ಟ ಮನೆಯಲ್ಲಿ ಪಡೆದದ್ದೋ, ನನ್ನ ನಾಲಿಗೆ ಒಂದು ದಿನವೂ ಸುಳ್ಳು ಹೇಳಿಲ್ಲ.

ಕಾಂತೇಶನಿಗೆ ಇಷ್ಟು ಸಾಕು. ಬಿಯರಿನ ವಿಷಯ ಬೋರ್ಡಿಗೆ ಬೇಡ.

ಫೆಬ್ರುವರಿ 1, ಶನಿವಾರ

ನಮ್ಮ ಸೋಡಾ ಎಂದರೆ ಶುಂಠಿ, ನಿಂಬೆಯ ಪಾಕದ್ದು. ಈ ವರ್ಷದ ಶುಂಠಿಗೆ ಏನು ಬಂದಿದೆಯೋ! ಖಾರವೇನೋ ಇದೆ, ಘಮವೇ ಇಲ್ಲ. ಮಣ್ಣಿನ ಗಡ್ಡೆ ತಿಂದ ಹಾಗೆ. ಪ್ಯಾಟೆಗೆ ಹೋಗಿ ಶುಂಠಿ ಮಾರುವವನಿಗೆ ಚೆನ್ನಾಗಿ ಬೈದು ಬಂದೆ. ಅವನು ಒಂದು ತುಂಡು ಮುರಿದು ತನ್ನ ಮೂಗಿಗೆ ಹಿಡಿದುಕೊಂಡು, "ಬೀಬೀರ, ಇದಕ್ಕಿಂತ ಚಲೋ ಶುಂಠಿ ಬೇಕಂದ್ರ ನಾನ ಬೆಳೀಬೇಕು ನೋಡ್ರಿ" ಎಂದ. ಬಾಯಿ ನೋಡು ಅವನದು. ಪಾಕಕ್ಕೆ ಶುಂಠಿ ರಸ ಹೆಚ್ಚು ಹಾಕಿಸಿದೆ. ಆಗಲೂ ಘಮ ಸಾಲಲಿಲ್ಲ. ಇನ್ನಷ್ಟು ಹಾಕಿಸಿದೆ.

ನಿಂಬೆಯೂ ಅಷ್ಟೇ. ಹುಳಿ ಇದೆ, ಜೀವವಿಲ್ಲ. ಎಲ್ಲಾ ಗೊಬ್ಬರದ ಪ್ರತಾಪ.

ಸೊಸೆ ಹಾಲು ಹೊತ್ತಿಸಿದಳು. ನಾನು ಅಡಿಗೆಮನೆಯಲ್ಲೇ ಮಣೆಯ ಮೇಲೆ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಅವಳು ಹಿತ್ತಲಿಂದ ಓಡಿ ಬಂದು ಒಲೆ ಆರಿಸಿದಳು. ಪಾತ್ರೆ ತಳ ಕರ್ರಗಾಗಿತ್ತು. "ಎಲ್ಲಿ ಇಟ್ಟಿದ್ದಿ ಧ್ಯಾನ?" ಎಂದು ಬೈದೆ. ಅವಳು ನನ್ನ ಮುಖ ನೋಡಿ ಏನೋ ಹೇಳಲು ಬಾಯಿ ತೆರೆದಳು, ಆಮೇಲೆ ಪಾತ್ರೆ ತಿಕ್ಕಲು ಹೋದಳು. ರಾಮದುರ್ಗದ ಹುಡುಗಿ. ನಾಲ್ಕು ಮಾತು ಕೇಳಿದರೆ ಅರ್ಧ ಮಾತು ಉತ್ತರ.

ಫೆಬ್ರುವರಿ 8, ಶನಿವಾರ

ಮುರಗೋಡದ ಖಾನಾವಳಿಯ ಶಂಕ್ರೆಪ್ಪ ಮಾಲು ತಿರುಗಿ ಕಳಿಸಿದ್ದಾನೆ! ಅವರಪ್ಪನ ಕಾಲದಿಂದ ಗಿರಾಕಿ. ಅಲ್ತಮಶ ವ್ಯಾನಿನಿಂದ ತುಂಬಿದ ಟ್ರೇಗಳನ್ನು ಹಾಗೇ ಇಳಿಸಿದ. ಫೋನು ಹಚ್ಚಿದೆ.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಉಂಡವರು ಸೋಡಾ ಕುಡದು ತೇಗಬೇಕೋ ಬ್ಯಾಡೋ? ಕೆಮ್ಮಾಕತ್ತಾರ್ರಿ. ಎದಿ ಉರೀತೈತಿ ಅಂತಾರ."

"ನಿನ್ನ ಪಲ್ಯಾದಾಗಿನ ಖಾರಕ್ಕ ಉರೀತಿರಬೇಕು ನೋಡಪಾ. ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ!" ಎಂದು ಇಟ್ಟುಬಿಟ್ಟೆ.

ಉಗರಗೋಳದ ಎರಡು ಅಂಗಡಿಯವರೂ ಬೇಡ ಅಂದರಂತೆ. ಸವದತ್ತಿಯವನು ಪ್ಲಾಸ್ಟಿಕ್ ಬಾಟಲಿಯ ಕಂಪನಿ ಮಾಲು ಇಟ್ಟಿದ್ದಾನಂತೆ. ಸಂಜೆ ಅಲ್ತಮಶ ಊಟಕ್ಕೆ ಕುಳಿತವನು ತಾಟಿನ ಕಡೆ ನೋಡುತ್ತಲೇ ಹೇಳಿದ:

"ಅಮ್ಮಿ, ನಾ ಜಗಳಾ ಮಾಡಾಂವಲ್ಲ. ಈದ ತನಕ ನೋಡೂಣು. ಗಿರಾಕಿ ಹೊಳ್ಳಿ ಬಂದ್ರ ಚಲೋ. ಬರಲಿಲ್ಲಂದ್ರ ಮಶೀನ ಕಾಂತೇಶಣ್ಣಗ ಕೊಟ್ಟಬಿಡೂಣು. ನಾ ವ್ಯಾನ ಬಾಡಿಗಿ ಹೊಡದು ಮನಿ ನಡಸ್ತೇನಿ. ಆತೇನ?"

"ಆತು," ಎಂದೆ. ಯಾಕೆನ್ನಬಾರದು? ಈದಿನ ದಿನ ಇವನೇ ಬಂದು ಕ್ಷಮೆ ಕೇಳುತ್ತಾನೆ. ನನ್ನ ನಾಲಿಗೆ ನನ್ನ ಬಾಯಲ್ಲಿರುವ ತನಕ ನನ್ನ ಸೋಡಾಕ್ಕೆ ಸಾವಿಲ್ಲ.

ಫೆಬ್ರುವರಿ 17, ಸೋಮವಾರ

ಮನೆಯಲ್ಲೇ ಕಳ್ಳತನ!

ಬಾಟಲಿ ತೊಳೆಯುವ ಹೌದಿನ ಹಿಂದೆ ಗೋಣಿಚೀಲದಡಿಗೆ ಶುಂಠಿ ಸಿಕ್ಕಿತು. ಒಂದಲ್ಲ ಎರಡಲ್ಲ, ಬುಟ್ಟಿಗಟ್ಟಲೆ. ಕೆಲವು ಒಣಗಿ ಸುಕ್ಕಾಗಿದ್ದವು. ಪಾಕಕ್ಕೆಂದು ನಾನು ಅಳೆದು ಕೊಟ್ಟದ್ದರಲ್ಲಿ ಅರ್ಧ ಇಲ್ಲಿದೆ. ಸುಮ್ಮನೆ ಘಮ ಕಡಿಮೆಯಾಯಿತೇ! ಶುಂಠಿ ಮಾರುವವನನ್ನು ಬೈದದ್ದು ದಂಡವಾಯಿತು.

ಸೊಸೆಯನ್ನು ಕರೆದು ಎದುರಿಗೆ ಬುಟ್ಟಿ ಇಟ್ಟೆ. "ಯಾರ ಕೆಲಸ ಇದು?"

"ನಂದರಿ, ಅಮ್ಮಿ."

"ಮಾರಾಕೋ? ತವರಮನಿಗೆ ಕಳಸಾಕೋ? ಈ ಮನ್ಯಾಗ ಉಣ್ಣಾಕ ಕಡಿಮಿ ಮಾಡೇವೇನು ನಿನಗ? ಕಳ್ಳೀ!"

ಅತ್ತಳು. ಒಂದು ಮಾತು ಆಡಲಿಲ್ಲ. ತಪ್ಪಿಲ್ಲದಿದ್ದರೆ ಬಾಯಿ ಬಿಡುತ್ತಿದ್ದಳಲ್ಲ! ಅಲ್ತಮಶ ನಡುವೆ ಬಂದ, ಅವನಿಗೂ ಅಷ್ಟು ಆಯಿತು. ಇನ್ನು ಮೇಲೆ ಪಾಕ ನಾನೇ ಕುದಿಸುತ್ತೇನೆ.

ಫೆಬ್ರುವರಿ 26, ಬುಧವಾರ

ಶಿವರಾತ್ರಿ. ಮಗ್ಗುಲು ಮನೆಯ ಗುರವ್ವ ಉಪವಾಸ ಮಾಡಿ ಮುಖ ಸಣ್ಣದು ಮಾಡಿಕೊಂಡು ಕಟ್ಟೆಗೆ ಕುಳಿತಿದ್ದಳು. "ಒಂದ ದಿನಕ್ಕ ಇಷ್ಟ ಸೊರಗಿದ್ಯಾ? ಮುಂದಿನ ವಾರ ನಮ್ಮ ರೋಜಾ ಶುರು ಆಗ್ತೈತಿ, ಬಾ ನೋಡಾಕ" ಎಂದು ಕೆಣಕಿದೆ. ಎಂದಿನಂತೆ ತಿರುಗಿ ಅನ್ನಲಿಲ್ಲ. ಯಾಕೋ ನನ್ನನ್ನೇ ನೋಡುತ್ತ ಕುಳಿತಳು.

ನಾನೇ ಕುದಿಸಿದ ಪಾಕದ ಮಾಲೂ ತಿರುಗಿ ಬರುತ್ತಿದೆ. ಸೊಸೆ "ಆತ್ರಿ", "ಹೌದ್ರಿ" ಬಿಟ್ಟರೆ ಮಾತಿಲ್ಲ.

ಮಾರ್ಚ್ 2, ರವಿವಾರ

ಮೊದಲ ರೋಜಾ.

ಬರೆಯಬೇಕೋ ಬೇಡವೋ ಎಂದು ಬಹಳ ಹೊತ್ತು ಪೆನ್ನು ಹಿಡಿದು ಕುಳಿತಿದ್ದೆ. ಬರೆಯುತ್ತೇನೆ. ನನಗೆ ಯಾರ ಹೆದರಿಕೆ?

ರಂಜಾನಿನಲ್ಲಿ ನಾವು ಹಗಲಲ್ಲಿ ಬಾಯಿಗೆ ನೀರೂ ಹಾಕುವುದಿಲ್ಲ. ಆದರೆ ಬೇಸಿಗೆಯಲ್ಲಿ ಸೋಡಾ ನಿಲ್ಲಿಸಲಾಗುತ್ತದೆಯೇ? ಅದಕ್ಕೆ ಆ ಒಂದು ತಿಂಗಳು ಮೊದಲ ಬಾಟಲಿಯನ್ನು ಗುರವ್ವನ ಮನೆಯವರು ಕುಡಿದು ನೋಡುವುದು. ಮೊದಲಿಂದ ನಡೆದು ಬಂದ ರಿವಾಜು. ಅವಳ ಅತ್ತೆ ನೋಡುತ್ತಿದ್ದಳು, ಈಗ ಇವಳು. ಪ್ರತಿ ವರ್ಷ ಬಂದು ಒಂದು ಗುಟುಕು ಕುಡಿದು "ಹೊಂಡಲಿ" ಎಂದು, ಉಳಿದದ್ದನ್ನು ನನ್ನ ಮುಂದೆಯೇ ಗಟಗಟ ಕುಡಿದು, ತೇಗಿ, ನನ್ನ ಹೊಟ್ಟೆ ಉರಿಸಿ ಹೋಗುತ್ತಾಳೆ.

ಇಂದು ಒಂದು ಗುಟುಕು ಕುಡಿದಳು. ಕಣ್ಣಲ್ಲಿ ನೀರು ಬಂತು. ಸೆರಗು ಬಾಯಿಗೆ ಹಿಡಿದು ಕೆಮ್ಮಿದಳು. ಆಮೇಲೆ ನನ್ನ ಕಣ್ಣಲ್ಲಿ ಕಣ್ಣಿಟ್ಟು ಬಾಟಲಿಯನ್ನು ಬೋರಲು ಹಾಕಿದಳು.

"ಏನ ಬೇ, ಹುಚ್ಚ ಹಿಡದೈತಿ?" ಎಂದೆ.

"ಹಮೀದಾ, ಇದೇನ ಸೋಡಾನೋ, ಬಾಣಂತಿ ಕಷಾಯನೋ?"

"ನೀ ಶಂಕ್ರೆಪ್ಪನ ಕಡೆ ಸೇರಿದ್ಯಾ?"

ಅವಳು ಹೊಸ್ತಿಲಲ್ಲೇ ಕುಳಿತು ನನ್ನನ್ನೂ ಕೂರಿಸಿದಳು. "ಕಣ್ಣ ಮುಚ್ಚು" ಎಂದಳು. ಮುಚ್ಚಿದೆ. ಮೂಗಿನ ಹತ್ತಿರ ಕೈ ತಂದದ್ದು ಗೊತ್ತಾಯಿತು. "ಏನೈತಿ ನನ್ನ ಕೈಯಾಗ?"

"ಏನೂ ಇಲ್ಲ. ಬರಿಗೈ."

"ಚಲೋತ್ನ್ಯಾಂಗ ಮೂಸಿ ನೋಡು."

"ಬರಿಗೈ ಅಂತೇನಿ. ಎಷ್ಟ ಆಟಾ ಆಡ್ತಿ?" ಎಂದು ಕಣ್ಣು ತೆರೆದೆ.

ಅವಳ ಅಂಗೈಯಲ್ಲಿ ಇಂಗಿನ ಗಟ್ಟಿ ಇತ್ತು. ನೆಲ್ಲಿಕಾಯಿ ಗಾತ್ರದ್ದು. ಇಂಗು! ಡಬ್ಬಿಯಲ್ಲಿಟ್ಟು ಕಪಾಟು ಹಾಕಿದರೂ ಬೀದಿಗೆ ನಾರುವ ಇಂಗು ನನ್ನ ಮೂಗಿನ ಕೆಳಗಿತ್ತು, ನನಗೆ ತಿಳಿಯಲಿಲ್ಲ. ಮತ್ತೆ ಮೂಗಿಗೆ ಹಿಡಿದು ಉಸಿರೆಳೆದೆ, ಉಸಿರು ಕಟ್ಟುವ ಹಾಗೆ ಎಳೆದೆ. ಏನೂ ಇಲ್ಲ. ಬರೀ ಗಾಳಿ.

"ಅವತ್ತ ಹಾಲು ಹೊತ್ತಿದ್ದು ನಮ್ಮ ಪಡಸಾಲಿಗೆ ಬಂದಿತ್ತು ವಾಸನಿ. ನೀ ಒಲಿ ಮುಂದನ ಕುಂತಿದ್ದಿ," ಎಂದಳು ಗುರವ್ವ. "ಜ್ವರ ಬಂದು ಹೋದಾಗಿಂದ ಹಿಂಗ ಆಗೈತಿ ನಿನಗ. ನಿನ್ನ ಸೊಸಿಗೆ ಅವತ್ತ ತಿಳದಿತ್ತು. ಶುಂಠಿ ತಗದು ಇಟ್ಟದ್ದು ಯಾಕಂತಿ? ಗಿರಾಕಿ ಕಡೆ ನಿನ್ನ ಮರ್ಯಾದಿ ಹೋಗಬಾರ್ದಂತ. ನೀ ಆಕೀನ್ನ ಕಳ್ಳಿ ಅಂದಿ. ನಮ್ಮನಿಗೆ ಬಂದು ಗ್ವಾಡಿಗೆ ಹಣಿ ಹಚ್ಚಿ ಅತ್ತಳು."

"ನನಗ ಯಾಕ ಹೇಳಲಿಲ್ಲ ಆಕಿ?"

"ಈ ಮನ್ಯಾಗ ನಿನ್ನ ನಾಲಿಗಿಗೆ ಎದುರ ಮಾತಾಡಿದವರು ಯಾರದಾರ, ಹೇಳು? ನಾನೂ ರಂಜಾನ್ ಬರಲಿ, ನಾಲಿಗಿ ನಂದಾಗಲಿ ಅಂತ ಕಾದೇನಿ. ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ."

ನನ್ನ ಗಾದೆಯನ್ನೇ ನನಗೆ ತಿರುಗಿಸಿದಳು. ಇನ್ನೊಬ್ಬರಾಗಿದ್ದರೆ ಕೆನ್ನೆಗೆ ಬಾರಿಸುತ್ತಿದ್ದೆ. ಕೈಯೇ ಏಳಲಿಲ್ಲ.

ಮಾರ್ಚ್ 3, ಸೋಮವಾರ

ಅತ್ತರಿನ ಶೀಶೆ. ಲವಂಗ. ಹಸಿ ಉಳ್ಳಾಗಡ್ಡಿ. ಸೀಮೆಎಣ್ಣೆ. ಅಲ್ತಮಶನ ಬೆವರಿನ ಅಂಗಿ. ನಮ್ಮವರ ಹಳೆಯ ಶಾಲು, ಅದನ್ನು ನಾನು ಒಗೆದೇ ಇಲ್ಲ.

ಏನೂ ಇಲ್ಲ.

ಮಾರ್ಚ್ 5, ಬುಧವಾರ

ಡಾಕ್ಟರು ಬಾಯಿ ತೆರೆಸಿ, ಮೂಗಿಗೆ ಬ್ಯಾಟರಿ ಬಿಟ್ಟು ನೋಡಿದರು. ನಾಲಿಗೆ ಸರಿ ಇದೆಯಂತೆ. ಸಿಹಿ, ಹುಳಿ, ಕಹಿ, ಉಪ್ಪು ತಿಳಿಯುತ್ತದೆ. ಹೋಗಿರುವುದು ವಾಸನೆ. ಬರಬಹುದಂತೆ, ಬರದೆಯೂ ಇರಬಹುದಂತೆ. "ಇಷ್ಟ ಹೇಳಾಕ ಅಷ್ಟ ದೊಡ್ಡ ಬೋರ್ಡ ಹಾಕೀರೇನ್ರಿ?" ಎಂದು ಕೇಳಿ ಬಂದೆ.

ಶಾಲಿನ ವಿಷಯ ಮಾತ್ರ ಬಹಳ ದುಃಖವಾಗಿದೆ. ಅದನ್ನು ಯಾರಿಗೂ ಹೇಳಿಲ್ಲ.

ಮಾರ್ಚ್ 7, ಶುಕ್ರವಾರ

ಇಫ್ತಾರಿಗೆ ಗುರವ್ವ ಹೆಸರುಕಾಳಿನ ಉಸಳಿ ತಂದಿದ್ದಳು. ಎಲ್ಲರೂ ತಿಂದ ಮೇಲೆ ನಾನು, "ನಾಲಿಗಿ ಹೋತು. ಖಾಲಿದ್‌ಸಾಬರಿಂದ ಬಂದ ನಾಲಿಗಿ ನನ್ನ ಕೈಯಾಗ ಮಣ್ಣಾತು. ಮಶೀನ ಕೊಟ್ಟಬಿಡ್ರಿ" ಎಂದೆ. ಅಳು ಬಂತು. ಬಂದರೆ ಬರಲಿ ಎಂದು ಅತ್ತೆ.

ಗುರವ್ವ ಸಮಾಧಾನ ಮಾಡುವುದು ಬಿಟ್ಟು ನಗಲಿಕ್ಕೆ ಹತ್ತಿದಳು!

"ಖಾಲಿದ್‌ಸಾಬಂದು ನಾಲಿಗಿ? ಯಾರ ಹೇಳಿದ್ರು ನಿನಗ? ಅವರ ದವಡ್ಯಾಗ ಮುಂಜಾನಿಂದ ಸಂಜಿ ತನಕ ತಂಬಾಕ ಇರತಿತ್ತು. ಸಕ್ಕರಿ ಯಾವುದು ಸುಣ್ಣ ಯಾವುದು ತಿಳೀತಿರಲಿಲ್ಲಂತ ಅವರಿಗೆ. ನಮ್ಮ ಅತ್ತಿ ಹೇಳಿ ಹೇಳಿ ನಗತಿದ್ಳು."

"ಮತ್ತ ಸೋಡಾ ಯಾರ ನೋಡತಿದ್ರು?"

"ನಮ್ಮ ಮನಿಯವರ ಅಜ್ಜ, ಬಸವಲಿಂಗಜ್ಜ. ಬೆಲ್ಲದ ವ್ಯಾಪಾರ ಇತ್ತಲ್ಲ, ಬಾಯಿ ಸೂಕ್ಷ್ಮ. ದಿನಾ ಮುಂಜಾನೆ ಸ್ನಾನ ಮಾಡಿ ಲಿಂಗಪೂಜಿ ಮುಗಿಸಿ ನಿಮ್ಮ ಹೊಸ್ತಿಲಕ್ಕ ಬಂದು ನಿಲ್ಲತಿದ್ದ. ಒಂದ ತಿಂಗಳಲ್ಲ, ವರ್ಷ ಪೂರ್ತಿ. ನಿಮ್ಮ ಮಾವ ದೊಡ್ಡಾಂವ ಆಗಿ ನೋಡಾಕ ಕಲತಮ್ಯಾಲ ರಂಜಾನ್ ಒಂದ ಉಳೀತು ನಮಗ."

ಖಾಲಿದ್‌ಸಾಬರು ಏನು ಮಾಡುತ್ತಿದ್ದರು ಎಂದರೆ, ಬಾಟಲಿಯ ಸದ್ದು ಕೇಳುತ್ತಿದ್ದರಂತೆ. ಬಿಯರ್ ಕಾರ್ಖಾನೆಯಲ್ಲಿ ತುಂಬುವ ಕೆಲಸಕ್ಕೆ ಹಾಕಿದಾಗ ಅವರಿಗೆ ಬಾಯಿಗಿಡುವಂತಿಲ್ಲ, ಇಟ್ಟರೆ ಹರಾಮು. ಅದಕ್ಕೆ ಬಾಟಲಿಯನ್ನು ಕಿವಿಗೆ ಹಿಡಿದು ಗಾಳಿ ಹೆಚ್ಚೋ ಕಡಿಮೆಯೋ ಹೇಳುತ್ತಿದ್ದರು. ಕುಡಿದು ನೋಡಲು ಅಂತೋನ ಎಂಬ ಕ್ರಿಸ್ತರವನಿದ್ದ. ಇಲ್ಲಿಗೆ ಬಂದ ಮೇಲೆ ಅಂತೋನನ ಜಾಗಕ್ಕೆ ಬಸವಲಿಂಗಜ್ಜ. ಇದನ್ನು ಮಾವನವರು ಒಮ್ಮೆ ಹೇಳಿದ್ದು ನನಗೂ ಈಗ ನೆನಪಾಗುತ್ತದೆ. ನಾನೇ ಮರೆತಿದ್ದೆನೋ, ಮರೆಯುವುದು ಅನುಕೂಲವಾಗಿತ್ತೋ.

ಗುರವ್ವ ಹೋದ ಮೇಲೆ ಸೊಸೆಯನ್ನು ಕರೆದೆ. "ನಾ ನಿನಗ ಕಳ್ಳಿ ಅನ್ನಬಾರದಿತ್ತು" ಎಂದೆ. ಅವಳು ತಲೆ ತಗ್ಗಿಸಿ, "ನಾನೂ ಮುಚ್ಚಿ ಇಡಬಾರದಿತ್ರಿ. ಹೇಳಾಕ ಅಂಜಿಕಿ ಬಂತು" ಎಂದಳು.

"ಇನ್ನ ಮ್ಯಾಲ ಅಂಜಬ್ಯಾಡ. ಗುರವ್ವ ಮುಂಜಾನೆ ನೋಡತಾಳ. ಈದ ಮ್ಯಾಲ ನೀ ನೋಡಬೇಕು."

"ನಾನ್ರೀ?"

"ಮತ್ತ ನಮ್ಮ ಬೆಕ್ಕೇನು?"

ನಕ್ಕಳು. ನಕ್ಕರೆ ಹುಡುಗಿಗೆ ಗಲ್ಲದ ಮೇಲೆ ಗುಳಿ ಬೀಳುತ್ತದೆ, ಇಷ್ಟು ದಿನ ನೋಡಿರಲಿಲ್ಲ.

ಮಾರ್ಚ್ 16, ರವಿವಾರ

ಬಿಸಿಲು ಏರಿದೆ. ಕೆಲಸ ಕೈತುಂಬ.

ದಿನಾ ಇಫ್ತಾರಾದ ಮೇಲೆ ಸೊಸೆ ಹಿನಾ ಮೂರು ಬಗೆಯ ಪಾಕ ಮಾಡಿ ಬಾಯಿಗಿಟ್ಟು ನೋಡುತ್ತಾಳೆ. ನಾನು ಕೇಳುತ್ತೇನೆ: ಶುಂಠಿ ಮೊದಲು ಬಂತೋ ನಿಂಬೆ ಮೊದಲು ಬಂತೋ, ನುಂಗಿದ ಮೇಲೆ ಏನು ಉಳಿಯಿತು. ಮೊದಲೆಲ್ಲ "ಚಲೋ ಐತ್ರಿ" ಅಷ್ಟೇ ಅನ್ನುತ್ತಿದ್ದಳು. "ಚಲೋ ಅಂದ್ರ ಏನು? ಬಾಯಿ ಬಿಚ್ಚಿ ಹೇಳು" ಎಂದು ಬೈದೆ. ನಿನ್ನೆ ಏನೆಂದಳು ಗೊತ್ತೇ? "ಇದು ಮದವಿ ಮನ್ಯಾಗ ಭಾಳ ಮಾತಾಡೂ ಬೀಗರಂಗ ಐತ್ರಿ, ಶುಂಠಿದ ಗದ್ದಲ, ನಿಂಬಿಕಾಯಿಗೆ ಜಾಗಾನ ಇಲ್ಲ." ಭಲೇ ಹುಡುಗಿ! ನಮ್ಮವರು ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು.

ನಾನು ಕಿವಿಗೆ ಕೆಲಸ ಕೊಟ್ಟಿದ್ದೇನೆ. ಬಾಟಲಿಯನ್ನು ಚಕ್ರದಿಂದ ಬಿಚ್ಚಿದ ಕೂಡಲೇ ಅಲುಗಿಸಿ ಹಿಡಿದರೆ ಗೋಲಿ ರಬ್ಬರಿಗೆ ಕಚ್ಚಿದೆಯೋ ಇಲ್ಲವೋ ತಿಳಿಯುತ್ತದೆ. ಗೋಲಿ ಒತ್ತಿದಾಗ 'ಟಪ್' ಎಂದು ಆಮೇಲೆ ಸಣ್ಣಗೆ ಬಹಳ ಹೊತ್ತು ಸುಯ್ಯೆಂದರೆ ಗಾಳಿ ಸರಿ. ಒಮ್ಮೆಲೇ ಬುಸ್ಸೆಂದು ಸುಮ್ಮನಾದರೆ ಬರೀ ಆರ್ಭಟ. ಇಷ್ಟು ವರ್ಷ ಈ ಸದ್ದು ಕೇಳಿಯೂ ಕೇಳಿರಲಿಲ್ಲ.

ಶಂಕ್ರೆಪ್ಪನಿಗೆ ಅಲ್ತಮಶ ಒಂದು ಟ್ರೇ ಪುಕ್ಕಟೆ ಇಳಿಸಿ ಬಂದಿದ್ದ. ಇಂದು ಅವನೇ ಫೋನು ಹಚ್ಚಿದ. "ಅಕ್ಕಾರ, ತೇಗು ಬರಾಕತ್ತಾವ್ರಿ!" ಎಂದ. ಇಷ್ಟು ಸಂತೋಷದ ಸುದ್ದಿಯನ್ನು ಇಷ್ಟು ಕೆಟ್ಟದಾಗಿ ಹೇಳುವವನನ್ನು ಕಂಡಿಲ್ಲ.

ಮಾರ್ಚ್ 30, ರವಿವಾರ

ಗುರವ್ವನ ಯುಗಾದಿಯೂ ನಮ್ಮ ಕೊನೆಯ ರೋಜಾವೂ ಒಂದೇ ದಿನ. ಸಂಜೆ ಬೇವು ಬೆಲ್ಲದ ಬಟ್ಟಲು ಹಿಡಿದು ಬಂದಳು. ಖರ್ಜೂರ ತಿಂದ ಮೇಲೆ ಒಂದೊಂದು ಚಮಚ ತಿಂದೆವು. ಕಹಿ ನನಗೂ ತಿಳಿಯಿತು, ಬೆಲ್ಲವೂ ತಿಳಿಯಿತು. ಬೇವಿನ ಹೂವಿನ ಘಮ ಹೇಗಿದೆ ಎಂದು ಹಿನಾಳನ್ನು ಕೇಳಿದೆ. ಹೇಳಿದಳು. ಸಾಕಾಯಿತು.

ಚಂದ್ರ ಕಂಡಿದೆ. ನಾಳೆ ಈದ್. ಮುರಗೋಡ, ಉಗರಗೋಳ, ಸವದತ್ತಿ, ಎಲ್ಲ ಕಡೆಯಿಂದ ಬೇಡಿಕೆ ಬಂದಿದೆ. ಕಾಂತೇಶನೂ ನಾಳೆ ಊಟಕ್ಕೆ ಬರುತ್ತಾನೆ, ಉತ್ತರ ಕೇಳಲಿಕ್ಕೆ. ನೀರು ಹೆಚ್ಚು ಬೇಕೆಂದು ಅಲ್ತಮಶ ಹೊಸ ಡ್ರಮ್ಮು ತಂದು ತುಂಬಿಸಿಟ್ಟಿದ್ದಾನೆ. ಹುಡುಗನಿಗೂ ಹುರುಪು ಬಂದ ಹಾಗಿದೆ.

ಮಾರ್ಚ್ 31, ಸೋಮವಾರ

ಈದ್ ಮುಬಾರಕ್, ಹಮೀದಾ.

ಇವತ್ತಿನದು ಪೂರ್ತಿ ಬರೆಯಬೇಕು.

ನಸುಕಿನಲ್ಲೇ ಮಶೀನು ಶುರು ಮಾಡಿದೆವು. ಅಲ್ತಮಶ ಚಕ್ರ ತಿರುಗಿಸಿದ, ನಾನು ಬಾಟಲಿ ಇಳಿಸಿ ಕಿವಿಗೆ ಹಿಡಿದೆ. ಒಂದಕ್ಕಿಂತ ಒಂದು ಚೆಂದ. ಇಂಥ ಸುಯ್ಯಿ ಈ ಮನೆಯಲ್ಲಿ ಕೇಳಿಲ್ಲ. ಅವಸರಕ್ಕೆ ಬಿದ್ದು, ಮೊದಲ ಬಾಟಲಿ ನೋಡುವ ಮೊದಲೇ ಅಷ್ಟೂ ತುಂಬಿಬಿಟ್ಟೆವು. ಟ್ರೇಗಳು ವ್ಯಾನಿಗೂ ಏರಿದವು. "ಕಿವಿಗೆ ಬಂಗಾರ ಆಗೇತಿ" ಎಂದು ನಾನೇ ಎಲ್ಲರೆದುರು ಹೇಳಿದೆ. ಹೇಳಬಾರದಿತ್ತು, ಹೇಳಿದೆ.

ಹಿನಾ ಹೊಸ ಸೀರೆ ಉಟ್ಟು ಹೊಸ್ತಿಲಿಗೆ ಬಂದಳು. ಅವಳ ಮೊದಲ ಬಾಟಲಿ. ಹೆಬ್ಬೆರಳಿನಿಂದ ಗೋಲಿ ಒತ್ತಿದಳು. ಕುಡಿದಳು. ಮತ್ತೊಂದು ಗುಟುಕು ಕುಡಿದಳು. ಬಣ್ಣ ಇಳಿಯಿತು ಮುಖದ್ದು. ನನ್ನ ಕಡೆ ನೋಡಿದಳು, ಅಲ್ತಮಶನ ಕಡೆ ನೋಡಿದಳು, ವ್ಯಾನಿನ ಕಡೆ ನೋಡಿದಳು.

ಬೋರಲು ಹಾಕಿದಳು.

"ಏ ಹಿನಾ! ಹಬ್ಬದ ದಿವಸ!" ಎಂದು ಅಲ್ತಮಶ ಕೂಗಿದ. "ಏನಾಗೇತಿ ಅದಕ್ಕ?"

"ನೀರ ವಾಸನಿ ಹೊಡಿಯಾಕತ್ತೈತಿ. ಹೊಸಾ ಡ್ರಮ್ಮಿನ ಪ್ಲಾಸ್ಟಿಕ್‌ದು."

ಅವನೂ ಒಂದು ಬಾಟಲಿ ಒಡೆದು ಕುಡಿದ. "ನನಗೇನೂ ಗೊತ್ತಾಗವಲ್ದು. ಅಮ್ಮಿನೂ ಚಲೋ ಐತಿ ಅಂದಾಳ. ಒಂದ ದಿನ ನಡೀತೈತಿ, ಅಮ್ಮೀ, ನೀನರ ಹೇಳು!"

ಇಬ್ಬರೂ ನನ್ನನ್ನು ನೋಡಿದರು. ನನಗೆ ಎಂಥ ಸಿಟ್ಟು ಬಂತೆಂದರೆ ಕಿವಿ ಬಿಸಿಯಾಯಿತು. ನಾನು ಬಂಗಾರ ಎಂದದ್ದನ್ನು ನಿನ್ನೆ ಮೊನ್ನೆ ಬಂದ ಹುಡುಗಿ ಬೋರಲು ಹಾಕುವುದೇ! ಸುಮ್ಮನೆ "ಹೊಂಡಲಿ" ಎಂದಿದ್ದರೆ ವ್ಯಾನು ಹೋಗುತ್ತಿತ್ತು, ಗಿರಾಕಿ ಉಳಿಯುತ್ತಿತ್ತು, ಮಶೀನೂ ಉಳಿಯುತ್ತಿತ್ತು. ಒಂದು ಮಾತು. ಅದು ನನ್ನ ಬಾಯಲ್ಲಿತ್ತು.

ವ್ಯಾನಿನಿಂದ ಒಂದು ಟ್ರೇ ಎಳೆದು ಗಟಾರಿನ ಪಕ್ಕದಲ್ಲಿಟ್ಟೆ. ಕುಕ್ಕರುಗಾಲಲ್ಲಿ ಕುಳಿತು ಮೊದಲ ಬಾಟಲಿಯ ಗೋಲಿ ಒತ್ತಿ ಬೋರಲು ಹಾಕಿದೆ. ಎರಡನೆಯದನ್ನು ಹಾಕಿದೆ.

"ಆಕಿ ನಾಲಿಗಿ ಬ್ಯಾಡ ಅಂದಮ್ಯಾಲ ಬ್ಯಾಡ," ಎಂದೆ. "ಏನ ನಿಂತ ನೋಡತಿ? ಇಳಸು."

ಇಡೀ ಓಣಿಗೆ ಟಪ್ ಟಪ್ ಸದ್ದು. ಗುರವ್ವ ಎದ್ದು ಬಂದು ಕಂಡಳು, ಏನೂ ಕೇಳದೆ ತನ್ನ ಮಗ್ಗುಲಿಗೆ ಒಂದು ಟ್ರೇ ಎಳೆದುಕೊಂಡಳು. ಅವಳ ಮನೆಯ ತಾಮ್ರದ ಹಂಡೆಗಳ ನೀರು ಹೊತ್ತು ತಂದು, ಬಾಟಲಿ ತೊಳೆದು, ಮತ್ತೆ ತುಂಬಿದೆವು. ಈ ಸಲ ಮೊದಲ ಬಾಟಲಿ ತುಂಬಿ ಚಕ್ರ ನಿಲ್ಲಿಸಿದೆವು. ಹಿನಾ ಕುಡಿದು ಕಣ್ಣು ಮುಚ್ಚಿ ನಿಂತಳು.

"ಹೊಂಡಲಿ," ಎಂದಳು. ಅಷ್ಟು ಮೆಲ್ಲಗೆ ಹೇಳಬಾರದು, ನಾಳೆ ಕಲಿಸಬೇಕು.

ಅಲ್ತಮಶ ನಮಾಜಿಗೆ ಓಡಿಹೋಗಿ ಬಂದ ಮೇಲೆ ವ್ಯಾನು ತಡವಾಗಿ ಹೊರಟಿತು. ಶಂಕ್ರೆಪ್ಪ ಬೈದನಂತೆ, ಒಂದು ಕುಡಿದು ಸುಮ್ಮನಾದನಂತೆ.

ಮಧ್ಯಾಹ್ನ ಕಾಂತೇಶ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ, "ಮತ್ತೇನ್ರಿ ಅಲ್ತಮಶ, ಮಶೀನ ಯಾವಾಗ ಒಯ್ಯಲಿ?" ಎಂದ. ಈದ್ ತನಕ ಎಂದು ಮಾತಾಗಿದ್ದು ಅಲ್ತಮಶನಿಗೂ ನನಗೂ, ಉತ್ತರ ಅವನೇ ಹೇಳಲಿ ಎಂದು ಬಿಟ್ಟೆ.

"ಸಿಗೂದಿಲ್ರಿ ಅಣ್ಣಾರ," ಎಂದ ನನ್ನ ಮಗ. "ಇವತ್ತ ಮುಂಜಾನೆ ವ್ಯಾನ ತುಂಬಿದ್ದ ಸೋಡಾ ಗಟಾರಿಗೆ ಹೊಯ್ದಾರ್ರಿ ಇವರು, ಹಬ್ಬದ ದಿನಾ. ಇಂಥಾ ಹೆಂಗಸೂರ ಕೈಯಾಗಿನ ಮಶೀನ ಕಸಗೊಂಡು ಒಯ್ಯೂ ಧೈರ್ಯ ನನಗಂತೂ ಇಲ್ಲ. ಸೋಡಾ ಬೇಕಾದ್ರ ದಿನಾ ತಂದು ಇಳಸ್ತೇನಿ, ಹೇಳ್ರಿ."

ಕಾಂತೇಶ ನಕ್ಕ. ಸೋಡಾ ತರಿಸುತ್ತೇನೆ ಎಂದ. ಆದರೂ ಹಿಸ್ಟರಿ ಬೇಕಂತೆ, ಫೋಟೋ ಹಾಕಿ ಬರೆಸುತ್ತಾನಂತೆ. "ಬರಕೋ" ಎಂದೆ. ಖಾಲಿದ್‌ಸಾಬರು ತುಂಬಿದ್ದು, ಬಸವಲಿಂಗಜ್ಜ ಕುಡಿದು ನೋಡಿದ್ದು, ಎರಡೂ ಮನೆಯ ಹೆಸರು ಹೇಳಿದೆ. ಬಂದರದ ಕಾರ್ಖಾನೆ ಎಂದಾಗ "ಬಿಯರ್ ಅಂತ ಬರೀಲೋ ಬ್ಯಾಡೋ ಕಾಕಿ?" ಎಂದು ಅಳುಕಿದ. "ಬರಿ. ಕುಡೀಲಾರದನ ಕೆಲಸಾ ಕಲತಾರಂತ ಅದನ್ನೂ ಬರಿ" ಎಂದೆ. ಕೊನೆಗೆ ಈಗಿನ ನಾಲಿಗೆಯ ಹೆಸರು ಕೇಳಿದ. ಹಿನಾಕೌಸರ, ರಾಮದುರ್ಗದವಳು ಎಂದು ಬರೆಸಿದೆ. ಅವಳು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು.

ಸಂಜೆ ಎಲ್ಲರೂ ಹೋದ ಮೇಲೆ ಹಿನಾ ನನಗೊಂದು ಬಾಟಲಿ ತಂದುಕೊಟ್ಟಳು. ಈದಿಗೆ ಮನೆಮಂದಿಗಷ್ಟೇ ಏಲಕ್ಕಿ ಸೋಡಾ ಮಾಡುವುದು ನಮ್ಮ ಪದ್ಧತಿ. ಗೋಲಿ ಒತ್ತಿದೆ, ಚೆಂದ ಸುಯ್ಯೆಂದಿತು. ಕುಡಿದೆ. ಸಿಹಿ ಇತ್ತು, ಮೂಗಿಗೆ ಚುಚ್ಚಿತು. ಗುರವ್ವ, ಅಲ್ತಮಶ ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಬಿಟ್ಟುಕೊಡುವವಳೇ?

"ವಾಹ್! ಏಲಕ್ಕಿ ಭಾಳ ಚಲೋ ಬಿದ್ದಾವು."

ಹಿನಾ ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. ಆಮೇಲೆ ನನ್ನ ಮುಖ ನೋಡಿಯೇ ಹೇಳಿದಳು:

"ಏಲಕ್ಕಿ ಇಲ್ರಿ ಅಮ್ಮಿ. ಈ ಸಲ ಗುಲಾಬಿ ಹಾಕೇನಿ."

ನಾನು ಬಾಟಲಿ ಎತ್ತಿ ಇನ್ನೊಂದು ಗುಟುಕು ಕುಡಿದೆ.

"ಹಂಗಾದ್ರ ಗುಲಾಬಿ ಭಾಳ ಚಲೋ ಬಿದ್ದೈತಿ," ಎಂದೆ.

ಮೊದಲು ನಕ್ಕವಳು ಹಿನಾ.